ಸಾಲು ಏಳು

ಮೊದಲು ಇದು ದಿನಸಿ ಅಂಗಡಿ.
ಈಗ ಕಾಲೇಜು. ಬೋರ್ಡು ಬದಲಿಸಿದವರು
ಚಾವಣಿಗೆ ತೂಗುವ ತಗಡೊಂದನ್ನು ಮರೆತರು:
"ಸಾಲು ಏಳು. ಹೆಪ್ಪುಗಟ್ಟಿದ ಬಟಾಣಿ, ಐಸ್‌ಕ್ರೀಮು."
ಅದರಡಿಯಲ್ಲೇ ನನ್ನ ಹನ್ನೆರಡು ಬೆಸುಗೆಗೂಡು.
ಒಂದೊಂದರಲ್ಲೂ ಮುಸುಕು ಹಾಕಿದ ಒಂದು ಮುಖ,
ಒಂದು ಚೂರು ನೀಲಿ ಸೂರ್ಯ.

ನಾನು ಯಾರು ಅಂತೀರಾ? ಕಾಗದದ ಗಿರಣಿಯಲ್ಲಿ
ಮೂವತ್ತೊಂದು ವರ್ಷ ಪೈಪು ಜೋಡಿಸಿದವನು.
ಅದು ಬಾಗಿಲು ಹಾಕಿದ ದಿನ ಮನೆಗೆ ಒಯ್ದದ್ದು
ಲಾಕರಿನ ಬೀಗ, ಕಾಫಿ ಮಗ್ಗು, ಒಂದು ಸುರುಳಿ ಕಾಗದ.
ಡೀನ್ ಮಾರ್ಸೆಲ್ಲಾ ಓಯೆನ್ ಫೋನು ಮಾಡಿ
"ಕಲಿಸ್ತೀರಾ?" ಅಂದಾಗ ನಕ್ಕುಬಿಟ್ಟಿದ್ದೆ.
ನನ್ನ ಕೈಗೆ ಮಾತು ಬರುತ್ತದೆಂದು
ನನಗೇ ಗೊತ್ತಿರಲಿಲ್ಲ.

ಪ್ರತಿ ಅಕ್ಟೋಬರಿನಲ್ಲೂ ಸಲಹಾ ಸಮಿತಿ ಸಭೆ.
ಗುಂಥರ್ ಟೆಸ್ಕೆ ಬರುತ್ತಾನೆ, ಡೋನಟ್ ಡಬ್ಬಿ ಹಿಡಿದು.
ಚೀಸ್ ತೊಟ್ಟಿ ಮಾಡುವ ಕಾರ್ಖಾನೆ ಅವನದು,
ನದಿಯಾಚೆ, ನಮ್ಮ ಗಿರಣಿಯ ಹಳೇ ಗೋದಾಮಿನಲ್ಲಿ.
"ಹನ್ನೆರಡು ಜನ ಬೇಕು. ಸ್ಟೇನ್‌ಲೆಸ್. ಬೇಗ.
ಹುಳು ಅವಿತುಕೊಳ್ಳಲು ಬೆಸುಗೆಯಲ್ಲಿ
ಕೂದಲೆಳೆಯಷ್ಟೂ ಸಂದು ಇರಕೂಡದು.
ಪ್ರಬಂಧ, ಇತಿಹಾಸ, ಅದೆಲ್ಲ ಯಾಕೆ ಮಾರಾಯರೇ?
ಎಂಟು ವಾರ ಸಾಕು."
ಮಾರ್ಸೆಲ್ಲಾ ಬೆರಳಿನ ಸಕ್ಕರೆ ಒರೆಸಿಕೊಂಡು
ಹದಿನಾರಕ್ಕೆ ಪಟ್ಟು ಹಿಡಿದಳು. ಹದಿಮೂರಕ್ಕೆ ಕುದುರಿತು.
ಪ್ರಬಂಧ ಹೋಯಿತು, ಭಿನ್ನರಾಶಿ ಉಳಿಯಿತು,
ಆರ್ಗಾನ್ ಸಿಲಿಂಡರಿನ ಬಿಲ್ಲು ಟೆಸ್ಕೆಯ ತಲೆಗೆ ಬಂತು.
ಸಂತೆ ವ್ಯಾಪಾರ ಅನ್ನಿ ಬೇಕಾದರೆ.
ಈ ಸಂತೆಯಲ್ಲಿ ತಕ್ಕಡಿ ಹಿಡಿದವರು ಕಳ್ಳರಲ್ಲ,
ಅಷ್ಟು ಮಾತ್ರ ಹೇಳಬಲ್ಲೆ.

ಸಂಜೆ ಆರಕ್ಕೆ, ವಿಸ್ಕಾನ್ಸಿನ್ನಿನ ಕತ್ತಲು
ಗಟ್ಟಿಯಾದ ಮೇಲೆ, ಬರುತ್ತಾರೆ.
ವರ್ನಾ ಕ್ರೂಲ್, ನಲವತ್ತೊಂಬತ್ತು,
ಅದೇ ಗಿರಣಿಯಲ್ಲಿ ರೀಲು ಎಣಿಸಿದವಳು;
ಮೊದಲ ವಾರ ಕಿಡಿ ಹಾರಿದಾಗೆಲ್ಲ ಬೈದಳು,
ಎರಡನೇ ವಾರ ಕಿಡಿಗೇ ಬುದ್ಧಿ ಹೇಳಿದಳು.
ತೂ ಗೆರ್ ಲೋರ್, ಇಪ್ಪತ್ತು. ಅವನಜ್ಜಿ
ಬಟ್ಟೆಯ ಮೇಲೆ ಬಸವನಹುಳದ ಸುರುಳಿ ಹೊಲಿಯುವ ಮ್ಹಾಂಗ್ ಹೆಂಗಸು;
ಆ ಕೈಯ ಅಂದಾಜು ಇವನ ಮಣಿಕಟ್ಟಿಗಿಳಿದು
ಲೋಹ ಮೀನಿನ ಹುರುಪೆಯಂತೆ ಸಾಲುಗಟ್ಟುತ್ತದೆ.
ಇಸಿದ್ರೊ ಕಮಾಚೊ. ನಸುಕಿನ ಮೂರಕ್ಕೆ
ಎಂಟುನೂರು ಹಸುಗಳ ಕೆಚ್ಚಲಿಗೆ ಯಂತ್ರ ಹಚ್ಚಿ
ಬೂಟಿನಲ್ಲಿ ಹೆಪ್ಪುಗಟ್ಟಿದ ಸಗಣಿಯೊಡನೆ ಬರುವವನು.
ಮುಸುಕಿನೊಳಗೆ ಒಮ್ಮೊಮ್ಮೆ ತೂಕಡಿಕೆ.
ಟಾರ್ಚಿನ ತುದಿಯಿಂದ ಮೇಜು ಕುಟ್ಟುತ್ತೇನೆ.
"ಇದ್ದೇನೆ ಮಾಯೆಸ್ತ್ರೊ," ಅನ್ನುತ್ತಾನೆ,
"ಇಲ್ಲೇ ಇದ್ದೇನೆ."

ನಮ್ಮ ಪರೀಕ್ಷೆಗೆ ಕಾಗದ ಬೇಡ.
ಬೆಸೆದ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು
ಕುದುರೆ ಲಾಳದ ಹಾಗೆ ಬಗ್ಗಿಸುತ್ತೇವೆ.
ಬಿರುಕು ಬಿಟ್ಟರೆ ಮತ್ತೆ ಬಾ.
ಬಿಡದಿದ್ದರೆ ಪಾಸು.
ಲೋಹಕ್ಕೆ ಮುಲಾಜಿಲ್ಲ. ಅದು
ಟೆಸ್ಕೆಯನ್ನೂ ಕೇಳುವುದಿಲ್ಲ, ಡೀನನ್ನೂ ಕೇಳುವುದಿಲ್ಲ.
ತೂ ಗೆರ್‌ನದು ಬಗ್ಗಿತು, ಬಿರಿಯಲಿಲ್ಲ.
ವರ್ನಾಳದು ಎರಡನೇ ಸಲಕ್ಕೆ.

ಈ ಅಕ್ಟೋಬರಿನಲ್ಲಿ ಡೋನಟ್ ತಂದವಳು ವರ್ನಾ,
ಟೆಸ್ಕೆ ಪಕ್ಕದಲ್ಲಿ, ಕಾರ್ಖಾನೆಯ ಟೋಪಿಯಲ್ಲಿ.
"ತೊಟ್ಟಿ ಯಾಕೆ ಸೋರ್ತು ಅಂತ ನಂಗೆ ಗೊತ್ತು.
ವರದಿ ಬರೀ ಅಂದ್ರೆ ಕೈ ನಡುಗುತ್ತೆ,
ಗೊತ್ತಿರೋದು ವಾಕ್ಯ ಆಗಲ್ಲ.
ಆ ಪ್ರಬಂಧಾನ ವಾಪಸು ತನ್ನಿ."
ಟೆಸ್ಕೆ ಚಾವಣಿ ನೋಡಿದ. ಐಸ್‌ಕ್ರೀಮು ಓದಿದನೇನೋ.
ಮಾರ್ಸೆಲ್ಲಾ ಏನೂ ಅನ್ನದೆ ಬರೆದುಕೊಂಡಳು.

ಇಸಿದ್ರೊ ಹನ್ನೊಂದನೇ ವಾರದಿಂದ ಬರಲಿಲ್ಲ.
ಹಾಲು ಕರೆಯುವ ಪಾಳಿ ಸಂಜೆಗೆ ಬಿತ್ತಂತೆ.
ಅವನ ಧಣಿ ನಮ್ಮ ಸಮಿತಿಯಲ್ಲಿಲ್ಲ.
ಅವನು ಕರೆದ ಹಾಲು ಮಾತ್ರ ಎಲ್ಲೋ
ವರ್ನಾ ಬೆಸೆದ ಅಂಚಿಗೆ ತಾಗಿ ನಿಲ್ಲುತ್ತಿರಬೇಕು.
ಎರಡು ಸಲ ಫೋನು ಮಾಡಿದೆ.

ಅವನ ಪಟ್ಟಿ ನನ್ನ ಡ್ರಾಯರಿನಲ್ಲಿದೆ.
ಸೀಮೆಸುಣ್ಣದ ಹೆಸರು ಅಳಿಸದ ಹಾಗೆ
ಕಾಗದ ಸುತ್ತಿಟ್ಟಿದ್ದೇನೆ,
ಗಿರಣಿಯ ಕೊನೇ ರೀಲಿನದು.
ಇನ್ನೂ ಬಗ್ಗಿಸಿಲ್ಲ.