ಹಕ್ಕಿ, ಇಲಿ, ಕಪ್ಪೆ, ಐದು ಬಾಣ

ತಿತಿಮತಿಯ ಆಶ್ರಮಶಾಲೆ, ಏಳನೇ ಕ್ಲಾಸು,
ಊಟ ಮುಗಿದ ಮೇಲಿನ ಪೀರಿಯಡ್ಡು.
ಬೋರ್ಡಿನ ತುಂಬ ಒಂದು ಹುಲ್ಲುಗಾವಲು ಬರೆದೆ.
ಬರೆದೆ ಅಂದರೆ, ಅಡ್ಡಕ್ಕೊಂದು ಗೆರೆ ಎಳೆದು
ಮೇಲೆ ಆಕಾಶ ಎಂದೆ, ಕೆಳಗೆ ಹುಲ್ಲು.
ಮರ ಎಲ್ಲಿ ಟೀಚರ್? ಕೇಳಿತು ಹಿಂದಿನ ಬೆಂಚು.
ಇಲ್ಲ. ಮರವೇ ಇಲ್ಲದ ಸೀಮೆ ಅದು.
ಮಕ್ಕಳು ನಗಾಡಿದರು, ನಾನು ಸುಳ್ಳು ಹೇಳಿದ ಹಾಗೆ.

ಶಕರು, ಎಂದೆ. ಗಾಡಿಯೇ ಮನೆ, ಕುದುರೆಯ ಬೆನ್ನೇ ಅಂಗಳ.
ಮೇವು ಮುಗಿದರೆ ಊರನ್ನೇ ಮಡಚಿ ಹೊರಟರು.
ಅಕ್ಷರ ಇರಲಿಲ್ಲ. ಅವರ ಹೆಸರುಗಳನ್ನು
ಅವರ ಹಗೆಗಳ ಗುಮಾಸ್ತರು ಬರೆದಿಟ್ಟರು,
ಕೇಳಿಸಿದಷ್ಟು, ಬೇಕೆನಿಸಿದಷ್ಟು.

ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು:
ಜೆ.ಕೆ. ದಾಸಿ, ಜೆ.ಕೆ. ಬೊಳ್ಳಿ, ಜೆ.ಕೆ. ಚಂದು.
ಜೇನು ಕುರುಬ ಎಂಬುದನ್ನೇ ಇನಿಶಿಯಲ್ ಮಾಡಿದವರು ಯಾರೋ,
ಹನ್ನೊಂದು ವರ್ಷದಿಂದ ನಾನೂ ಹಾಗೇ ಕೂಗುತ್ತಿದ್ದೇನೆ.

ಈ ಪಾಠದ ಮೇಲೆ ನನಗೆ ತುಸು ಹೆಚ್ಚು ಪ್ರೀತಿ.
ಬಾಳೆಲೆಯ ನಮ್ಮ ಐನ್‌ಮನೆಯ ಕಯ್ಯಾಲೆಯಲ್ಲಿ ಕೂತು
ತಾತ ಮೀಸೆ ತೀಡುತ್ತ ಹೇಳುತ್ತಿದ್ದ:
ನಾವು ಆ ಕಡೆಯವರು ಕುಂಞೀ, ಕುದುರೆ ಏರಿ ಬಂದವರು,
ಒಡಿಕತ್ತಿಯ ಈ ಬಾಗು ನೋಡು, ಇಲ್ಲಿಯದಲ್ಲ.
ಪುರಾವೆ ಕೇಳಿದರೆ ತನ್ನ ಮೂಗು ತೋರಿಸುತ್ತಿದ್ದ.
ನಾನು ನಂಬಿದ್ದೆ. ಅರ್ಧ, ಈಗಲೂ.

ಪಾರಸಿಕ ದೊರೆ ಬಂದ, ಎಂದೆ, ದಂಡು ಕಟ್ಟಿಕೊಂಡು,
ಹೊಳೆಗೆ ದೋಣಿಗಳ ಸೇತುವೆ ಹಾಸಿಕೊಂಡು.
ಅವರು ಕಾದಲಿಲ್ಲ. ಹಿಂದೆ ಸರಿದರು,
ಬಾವಿ ಮುಚ್ಚಿ, ಹುಲ್ಲು ಸುಟ್ಟು, ಇನ್ನೂ ಹಿಂದೆ.
ಸದಾ ಒಂದು ಹಗಲಿನ ದೂರದಲ್ಲಿ ಅವರ ಧೂಳು.
ಗೆಲ್ಲಲು ಒಂದು ಊರೂ ಸಿಗದೆ
ಸೊರಗಿತು ಸಾಮ್ರಾಜ್ಯ.
ಕೊನೆಗೊಬ್ಬ ದೂತ ಬಂದ. ಬಾಯಿ ಬಿಡಲಿಲ್ಲ. ಇಟ್ಟು ಹೋದ
ಒಂದು ಹಕ್ಕಿ, ಒಂದು ಇಲಿ, ಒಂದು ಕಪ್ಪೆ, ಐದು ಬಾಣ.

ಏನರ್ಥ?
ದೊರೆ ಅಂದನಂತೆ, ಶರಣಾದರು: ನೆಲ ಕೊಟ್ಟರು, ನೀರು ಕೊಟ್ಟರು.
ಜೊತೆಗಿದ್ದವನು ಅಂದನಂತೆ, ಬೆದರಿಕೆ:
ಹಾರದಿದ್ದರೆ, ಬಿಲ ತೋಡದಿದ್ದರೆ,
ಕೆರೆಗೆ ನೆಗೆಯದಿದ್ದರೆ, ಬಾಣ.
ಪರೀಕ್ಷೆಗೆ ಬರುವುದು ಎರಡನೆಯದು. ಬರೆದುಕೊಳ್ಳಿ.

ಬೊಳ್ಳಿ ಬರೆದುಕೊಳ್ಳಲಿಲ್ಲ.
ಅದು ಅಡ್ರೆಸ್ಸು ಟೀಚರ್, ಅಂದಳು.
ಏನು?
ಎಲ್ಲಿರ್ತೀರಿ ಅಂತ ರಾಜ ಕೇಳಿರ್ತಾನೆ. ಹೇಳಿ ಕಳಿಸಿದ್ದಾರೆ.
ಹಕ್ಕಿ ಇರೋ ಕಡೆ, ಇಲಿ ಇರೋ ಕಡೆ, ಕಪ್ಪೆ ಕೂಗೋ ಕಡೆ.
ಮತ್ತೆ ಬಾಣ?
ಬಾಣ ಎಷ್ಟೋ ಅಷ್ಟು ಮನೆ.

ಕ್ಲಾಸು ನಕ್ಕಿತು. ನಾನೂ.
ನಕ್ಕ ಮೇಲೆ ನೆನಪಾಯಿತು ಜೂನಿನಲ್ಲಿ ತುಂಬಿದ ಫಾರಮ್ಮು,
ಖಾಯಂ ವಿಳಾಸ ಎಂಬಲ್ಲಿ
ಅವಳಪ್ಪ ಬೆರಳೆತ್ತಿ ಕಾಡು ತೋರಿಸಿದ್ದು,
ನಾನು ‘ಪುನರ್ವಸತಿ ಕೇಂದ್ರ, ಮೂರನೇ ಸಾಲು, ಮನೆ ಹದಿನಾಲ್ಕು’
ಎಂದು ಬರೆದದ್ದು, ನೀಟಾಗಿ, ಕಪ್ಪು ಶಾಯಿಯಲ್ಲಿ.

ಇನ್ನೊಂದು ಮಾತಿದೆ ಆ ಕಥೆಯಲ್ಲಿ, ಹೇಳಬೇಕೋ ಬೇಡವೋ.
ನಮಗೆ ನೀನು ಸುಡಲು ಊರಿಲ್ಲ, ಕೊಯ್ಯಲು ಪೈರಿಲ್ಲ,
ಯುದ್ಧವೇ ಬೇಕಿದ್ದರೆ ನಮ್ಮ ಹಿರಿಯರ ಗೋರಿ ಹುಡುಕು.
ಮುಟ್ಟು. ಆಮೇಲೆ ನೋಡು.
ಹೇಳಿದೆ.
ಈ ಸಲ ಯಾರೂ ನಗಲಿಲ್ಲ.
ನಮ್ಮಜ್ಜಿ ಇರೋದು ಗೇಟಿನ ಒಳಗೆ ಟೀಚರ್, ಅಂದಳು ದಾಸಿ,
ನೋಡೋಕೆ ಗಾರ್ಡಿನ ಚೀಟಿ ಬೇಕು,
ಸಂಜೆಯೊಳಗೆ ಹೊರಗೆ ಬಂದುಬಿಡಬೇಕು.
ಇರೋದು, ಅಂದಳು. ಹೂತದ್ದು ಅನ್ನಲಿಲ್ಲ.

ಬೆಲ್ಲು ಹೊಡೆಯಿತು. ಹುಲ್ಲುಗಾವಲನ್ನು ಡಸ್ಟರಿನಿಂದ ಒರೆಸಿದೆ,
ಸೀಮೆಸುಣ್ಣದ ಧೂಳು ಕೈಗೆ, ಸೆರಗಿಗೆ.

ಸಂಜೆ ಬಾಳೆಲೆಯ ತೋಟದ ಅಂಚು.
ಒಂದು ಬದಿಗೆ ಹಳೆಯ ಕಡಂಗ,
ಯಾವ ಕಾಲದ ಯಾರ ಭಯ ತೋಡಿಸಿತೋ, ಈಗ ತುಂಬ ಜರಿಗಿಡ.
ಇನ್ನೊಂದು ಬದಿಗೆ ನಮ್ಮದೇ ಸೋಲಾರ್ ತಂತಿ.
ಆನೆಯ ಲದ್ದಿ ಎರಡೂ ಕಡೆ, ಇನ್ನೂ ಬಿಸಿ.
ತಾತ, ನಾವು ಕುದುರೆಯಿಂದ ಇಳಿದದ್ದು ಯಾವಾಗ?

ಕತ್ತಲಾಗುತ್ತಿತ್ತು.
ಬೇಲಿಯ ಸ್ವಿಚ್ಚು ಹಾಕಿದ್ದೇನೆಯೇ ಎಂದು
ಎರಡು ಸಲ ನೋಡಿಕೊಂಡು ಒಳಗೆ ಬಂದೆ.