ಜಿಪ್ಪಿನ ಸದ್ದು

ಬ್ರಾನ್‌ಸ್ಟನ್ನಿನ ಕಾಲುವೆಗೆ ಅಕ್ಟೋಬರಿನ ಅಡ್ಡಮಳೆ.
ಬಾತುಗಳೂ ಸೇತುವೆಯಡಿ ಸೇರಿದ್ದವು.
ಪಕ್ಕದ ದೋಣಿಯ ಪಾರ್ಜಿಟರ್
ಹಿಂದಿನ ಡೆಕ್ಕಿನಲ್ಲಿ ಕೆಂಪು ಜನರೇಟರು ಇಟ್ಟು
"ನೆನೆದರೆ ಕೆಮ್ಮುತ್ತೆ, ಪಾಪ" ಎಂದ.
ಆಮೇಲೆ ಸುತ್ತಲಿನ ಕ್ಯಾನ್ವಾಸಿಗೆ ಜಿಪ್ಪು ಎಳೆದ ಸದ್ದು,
ಮೇಲಿಂದ ಕೆಳತನಕ.

ನಾನು ಹೇಳಬೇಕಿತ್ತು.
ಇಪ್ಪತ್ತೆರಡು ವರ್ಷ ಇದೇ ದಡದಲ್ಲಿ ಎಂಜಿನ್ನು ಬಿಚ್ಚಿದವನು
ಕಾಲರ್ ಎತ್ತಿಕೊಂಡು ಚಹಾಕ್ಕೆ ಹೋದೆ.

ಬೆಂಕಿಯಿಲ್ಲದೆ ಹೊಗೆಯಿಲ್ಲ ಅನ್ನುತ್ತಾರಲ್ಲ,
ಇದು ಹೊಗೆಯಾಗುವ ಗೋಜಿಗೇ ಹೋಗುವುದಿಲ್ಲ.
ಬಣ್ಣವಿಲ್ಲ, ವಾಸನೆಯಿಲ್ಲ,
ಬಾಗಿಲು ತಟ್ಟುವ ಮರ್ಯಾದೆಯೂ ಇಲ್ಲ.
ತಲೆ ಭಾರವೇ? ಮಧ್ಯಾಹ್ನದ ಬಿಯರ್ ಇರಬೇಕು.
ಕಣ್ಣು ಎಳೆಯುತ್ತಿದೆಯೇ? ದಿನವಿಡೀ ಚುಕ್ಕಾಣಿ ಹಿಡಿದದ್ದಕ್ಕೆ.
ಎಲ್ಲದಕ್ಕೂ ಒಂದೊಂದು ಒಳ್ಳೆಯ ಕಾರಣ ಸಿಗುತ್ತದೆ.

ಹತ್ತೂವರೆಗೆ ಅವರ ನಾಯಿ ಬೊಗಳಿತು, ಒಂದೇ ಸಲ.
ಮತ್ತೆ ಬೊಗಳಲಿಲ್ಲ.
ಆ ಎರಡನೆಯದೇ ನನ್ನನ್ನು ಎಬ್ಬಿಸಿದ್ದು.

ಕ್ಯಾನ್ವಾಸು ಹರಿದೆ. ಬಾಗಿಲು ಒದ್ದೆ.
ಮೊದಲು ಮೇಬೆಲ್, ಆಮೇಲೆ ಅವನು, ಕೊನೆಗೆ ನಾಯಿ;
ಹುಲ್ಲಿನ ಮೇಲೆ, ಮಳೆಗೆ ಮುಖ ಕೊಟ್ಟು.
ಒಳಗೆ ಟೀವಿ ನಗುತ್ತಲೇ ಇತ್ತು.
ಜನರೇಟರು ಮಾತ್ರ ಕೆಮ್ಮಲಿಲ್ಲ.

ಇಬ್ಬರೂ ಉಳಿದರು.
ನಾಯಿಯನ್ನು ಬೇಲಿಯ ಬದಿಗೆ ಹೂಳಿದೆ.
ಗೋಡೆಯ ಅಲಾರಂ ಬಿಚ್ಚಿದರೆ ಹೊಟ್ಟೆ ಖಾಲಿ,
ಬ್ಯಾಟರಿಗಳು ಟೀವಿಯ ರಿಮೋಟಿನಲ್ಲಿದ್ದವು.

ಈಗ ಎಲ್ಲೇ ಜಿಪ್ಪಿನ ಸದ್ದಾದರೂ
ಕಪ್ಪು ಕೆಳಗಿಟ್ಟು ಮಳೆಗೆ ಇಳಿಯುತ್ತೇನೆ,
ಬೇರೆಯವರ ದೋಣಿ ತಟ್ಟುತ್ತೇನೆ.
ಕಿರಿಕಿರಿ ಮುದುಕ ಅನ್ನುತ್ತಾರೆ.
ಅನ್ನಲಿ, ಉಸಿರು ಇದ್ದವರು ತಾನೇ ಅನ್ನುವುದು.