ಅಳತೆ ಪುಸ್ತಕ

ಅಕ್ಕ ಕರೆಸಿಕೊಂಡಳು ದುಬೈಗೆ, ಹದಿನೈದು ದಿನಕ್ಕೆ.
ಪೆಟ್ಟಿಗೆಯಲ್ಲಿ ನಾಲ್ಕು ಚೂಡಿದಾರ, ಹಲಸಿನ ಹಪ್ಪಳ,
ಮರೆಯದೆ ಇಂಚಿನ ಟೇಪು, ಒಂದು ತುಂಡು ಸೀಮೆಸುಣ್ಣ.
"ಇಲ್ಲಿ ಯಾರ ರವಿಕೆ ಹೊಲೀತಿ ವಾರಿಜಾ?" ನಕ್ಕಳು.
ನಾನೂ ನಕ್ಕೆ.
ನಾಲ್ಕನೆಯ ವಯಸ್ಸಿಗೆ ಬಂದ ಜ್ವರ
ಎರಡು ಕಾಲನ್ನೂ ಜೊತೆಗೆ ಕರಕೊಂಡು ಹೋದ ಮೇಲೆ
ಅಳೆಯದೆ ಎಲ್ಲಿಗೂ ಹೋದವಳಲ್ಲ ನಾನು.

ನನ್ನ ಕುರ್ಚಿ ಇಪ್ಪತ್ತೈದು ಇಂಚು.
ನಮ್ಮೂರ ಬ್ಯಾಂಕಿನ ಬಾಗಿಲು ಇಪ್ಪತ್ತನಾಲ್ಕು.
ಆ ಒಂದು ಇಂಚಿನಿಂದಾಗಿ ಹನ್ನೆರಡು ವರ್ಷ
ನನ್ನ ಪಾಸ್‌ಬುಕ್ಕು ಬೇರೆಯವರ ಕೈಹಿಡಿದು
ಒಳಗೆ ಹೋಗಿ ಬಂತು.

ಇಲ್ಲಿ ಮೆಟ್ರೋ ಬಂದು ನಿಂತಾಗ
ಪ್ಲಾಟ್‌ಫಾರಂಗೂ ಡಬ್ಬಿಗೂ ನಡುವೆ
ಗುಂಡಿಯ ಗಾಜದಷ್ಟು ಸಂದು.
ಮುಂದಿನ ಗಾಲಿ ಒಮ್ಮೆ ಹ್ಞೂಂ ಅಂದು ದಾಟಿತು.
ಯಾರೂ ತಿರುಗಿ ನೋಡಲಿಲ್ಲ.
ಯಾರೂ ನೋಡದ ಆ ಸುಖವನ್ನು
ಎದೆ, ತೋಳು, ಕುತ್ತಿಗೆ
ಯಾವ ಕಾಲಂನಲ್ಲಿ ಬರೆಯಲಿ?

ಮೋಡಕ್ಕೆ ಸೂಜಿ ಚುಚ್ಚಿದಂಥ ಕಟ್ಟಡದ ಮೇಲೆ
ಗಾಜು ನೆಲದವರೆಗೂ ಇಳಿದಿತ್ತು.
ನಿಂತವರೆಲ್ಲ ಬಗ್ಗಿ ಬಗ್ಗಿ ನೋಡಿದ್ದನ್ನು
ನಾನು ಕೂತೇ ನೋಡಿದೆ.
ಕೆಳಗೆ ರಸ್ತೆ, ಹೆಮ್ಮಿಂಗ್ ಬಿಚ್ಚಿದ ನೂಲು.

ನೀರು ಮಾತ್ರ ಟೇಪಿಗೆ ಸಿಗಲಿಲ್ಲ.
ಕ್ರೀಕಿನ ಕಟ್ಟೆಯಲ್ಲಿ ಅಬ್ರಾ ದೋಣಿ
ಐದು ಇಂಚು ಏರಿತು, ಒಂಬತ್ತು ಇಳಿಯಿತು,
ಅಳೆಸಿಕೊಳ್ಳಲು ನಿಲ್ಲದ ಮಗುವಿನ ಹಾಗೆ.
ಚಿತ್ತಗಾಂಗಿನ ದೋಣಿಯವ ಎರಡೂ ತೋಳು ಚಾಚಿದ,
ಎತ್ತಿಬಿಡುತ್ತೇನೆ, ಎಷ್ಟು ಹೊತ್ತಿನ ಕೆಲಸ!
ಬೇಡ ಅಂದೆ.
ಅಕ್ಕನಿಗೆ ನಾಚಿಕೆ. "ಪಾಪ, ಒಳ್ಳೆ ಮನಸ್ಸಿನಿಂದ…"
ಒಳ್ಳೆ ಮನಸ್ಸೇ ಅಕ್ಕಾ.
ಆದರೆ ಎತ್ತಿದವರು ಇಳಿಸಿದಲ್ಲೇ ಕೂರಬೇಕು,
ಅವರು ಮತ್ತೆ ಬರುವ ತನಕ.
ಮೂರು ದೋಣಿ ಹೋದವು.
ಆಚೆಯ ದಡ ಆಚೆಯೇ ಉಳಿಯಿತು.
ಕಡಲಹಕ್ಕಿಗಳಿಗೆ ಚೂರು ರೊಟ್ಟಿ ಹಾಕಿ ಎದ್ದೆವು,
ಅಂದರೆ, ಅವಳು ಎದ್ದಳು.

ದೇರಾದ ಹಿಂದಿನ ಓಣಿಯಲ್ಲಿ
ಬಂಗುಡೆ ಪುಳಿಮುಂಚಿಯ ಪರಿಮಳ
ನನ್ನ ಗಾಲಿಗಳನ್ನು ತಾನೇ ತಿರುಗಿಸಿತು.
ಮೊಯ್ದಿನಬ್ಬನವರ ಹೋಟೆಲು.
ಉಪ್ಪಿನಂಗಡಿ ಬಿಟ್ಟು ಇಪ್ಪತ್ತಾರು ವರ್ಷವಂತೆ,
ತುಳು ಮಾತ್ರ ನಿನ್ನೆ ತಾನೇ ಬಸ್ಸಿಳಿದ ಹಾಗಿದೆ.
ಎರಡು ಮೆಟ್ಟಿಲು. ಒಂದೊಂದೂ ಏಳು ಇಂಚು.

ಅವರೇ ಮೇಜು ಹೊರಗೆ ತಂದರು,
ಫುಟ್‌ಪಾತಿಗೆ ಪೇಪರು ಹಾಸಿ, ಟೇಬಲ್ ಫ್ಯಾನು ಎಳೆದು,
ನೀರುದೋಸೆ ಆರದ ಹಾಗೆ ಓಡಾಡಿ ಬಡಿಸಿದರು.
ರುಚಿಗೆ ಸುಳ್ಳು ಹೇಳಬಾರದು, ಬೆರಳು ಚೀಪಿದೆ.
ಆದರೆ ಒಳಗೆ ನಮ್ಮೂರ ಕಡೆಯವರು ಏನಕ್ಕೋ
ಬಿದ್ದು ಬಿದ್ದು ನಗುತ್ತಿದ್ದರು.
ಗಾಜಿನಾಚೆ ಬಾಯಿ ಆಡುವುದಷ್ಟೇ ಕಂಡಿತು,
ಜೋಕು ಕೇಳಿಸಲಿಲ್ಲ.

ಕೈ ತೊಳೆದು ಟೇಪು ಬಿಚ್ಚಿದೆ.
"ಎತ್ತರ ಹದಿನಾಲ್ಕು ಇಂಚು ಬ್ಯಾರಿಗಳೇ,
ಇಳಿಜಾರಿಗೆ ಹದಿನಾಲ್ಕು ಅಡಿ ಉದ್ದ ಬೇಕು."
"ಎದುರಿಗಿರುವುದೇ ಒಂಬತ್ತಡಿ ತಂಗಿ,
ರಸ್ತೆಗೆ ಇಳೀಬೇಕಾದೀತು."
"ಬಟ್ಟೆ ಸಾಲದಿದ್ದರೆ ನಾವು ಗಿರಾಕಿಯನ್ನು ವಾಪಸು ಕಳಿಸುತ್ತೇವಾ?
ಅಡ್ಡಕ್ಕೆ ತಿರುಗಿಸಿ ಕತ್ತರಿಸುತ್ತೇವೆ."
ಗೋಡೆಯ ಬದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ,
ತಿರುವಿನಲ್ಲಿ ಕಂಕುಳಿಗೆ ಬಿಡುವಷ್ಟು ಸಡಿಲ ಬಿಟ್ಟು.
ಅವರು ತಲೆ ಕೆರೆದರು. ಕಟ್ಟಡದ ಮಾಲೀಕ, ಮುನ್ಸಿಪಾಲಿಟಿ,
ಪರವಾನಗಿ, ಆ ಕಾಗದ, ಈ ಕಾಗದ…
ಆಗಲ್ಲ ಅನ್ನಲಿಲ್ಲ. ಆಗುತ್ತದೆ ಅಂತಲೂ ಅನ್ನಲಿಲ್ಲ.

ಬೆಳಗ್ಗೆ ಹುಡುಗ ನೀರು ಚೆಲ್ಲಿ ಒರೆಸಿರುತ್ತಾನೆ, ಗೊತ್ತು.
ಗೆರೆ ಹೋದರೆ ಹೋಗಲಿ,
ಪುಸ್ತಕದಲ್ಲಿದೆ:
ಮೊಯ್ದಿನಬ್ಬ, ದೇರಾ. ಎತ್ತರ ೧೪. ಉದ್ದ ೧೪ ಅಡಿ. ತಿರುವು ಒಂದು.
ಕೊಡುವ ದಿನ: ಖಾಲಿ.
ಮುಂಗಡ: ಎರಡು ಬಂಗುಡೆ.
ಎಷ್ಟು ಹೇಳಿದರೂ ದುಡ್ಡು ತಗೊಳ್ಳಲಿಲ್ಲ.